ಶುಕ್ರವಾರದ ಹೊಟ್ಟೆನೋವು

ಕಾಳಿಘಾಟ್, ಕೋಲ್ಕತ್ತಾ
೧೨ ಜುಲೈ ೨೦೨೫, ಶನಿವಾರ

ಪ್ರೀತಿಯ ಸೊಸೆ ಸಿಂಧೂರಳಿಗೆ ಅತ್ತೆಯ ತುಂಬು ಆಶೀರ್ವಾದ.

ಅಂಡಮಾನಿನ ಸೆಖೆಯಲ್ಲಿ ನಿನ್ನ ತಲೆನೋವು ಹೇಗಿದೆ? ಬ್ಯಾಂಕಿನ ಕೆಲಸದ ನಡುವೆ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಫೋನಿನಲ್ಲಿ ಕೇಳಿದರೆ ‘ಎಲ್ಲಾ ಆರಾಮ ಅತ್ತಿ’ ಎಂಬ ಒಂದೇ ಉತ್ತರ, ಅಷ್ಟರಲ್ಲಿ ನಿನ್ನ ಮಗಳು ಪ್ರೇರಣಾ ನನ್ನ ಕೈಯಿಂದ ಫೋನು ಕಿತ್ತುಕೊಂಡಿರುತ್ತಾಳೆ. ಅದಕ್ಕೇ ಈ ಕಾಗದ. ಏಪ್ರಿಲ್‌ನಲ್ಲಿ ನೀನು ಹೊರಟಂದಿನಿಂದ ನನ್ನ ಸಾರಿಗೆ ಮುಖ ಕಿವುಚುವವರೇ ಇಲ್ಲ. ‘ಹುಳಿ ಇಲ್ಲದ ನಿಮಗ ತುತ್ತು ಇಳಿಯಂಗಿಲ್ಲ ನೋಡ್ರಿ’ ಎಂದು ನಗುತ್ತಿದ್ದೆಯಲ್ಲ, ಆ ನಗು ಕೇಳದೆ ಮನೆ ಬಿಕೋ ಎನ್ನುತ್ತಿದೆ. ನಿನ್ನ ನೆನಪು ಬಹಳ ಆಗುತ್ತದೆ.

ಪ್ರೇರಣಾಳಿಗೆ ರಕ್ತ ಕಡಿಮೆ ಎಂದು ಡಾಕ್ಟರು ಕಬ್ಬಿಣದ ಔಷಧಿಯ ಜೊತೆ ವಿಟಮಿನ್ ಸಿ ಬರೆದುಕೊಟ್ಟದ್ದು ನಿನಗೆ ಗೊತ್ತೇ ಇದೆ. ಕಿತ್ತಳೆ ಬಣ್ಣದ, ಚೀಪುವ ಗುಳಿಗೆ. ವಾರದಲ್ಲಿ ಆರು ದಿನ ಅದನ್ನು ಪೆಪ್ಪರಮಿಂಟಿನಂತೆ ತಿನ್ನುವವಳು ಶುಕ್ರವಾರ ಬಂತೆಂದರೆ ಹೊಟ್ಟೆ ಹಿಡಿದು ಕೂರುತ್ತಿದ್ದಳು. ‘ಪೇಟ್ ಮೇ ದರ್ದ್ ಅದ ಅಜ್ಜೀ, ಗುಳಿಗಿ ಬ್ಯಾಡ.’ ನಿನ್ನ ಗಂಡ ಯಶವಂತ ಶಾಲೆಯ ಊಟವನ್ನು ದೂರಿದ, ನಾನು ಗುರುವಾರ ತಿಂದ ಫುಚ್ಕಾವನ್ನು, ಅದೇ ಇಲ್ಲಿಯ ಪಾನಿಪುರಿಯನ್ನು, ದೂರಿದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಆರು ವರ್ಷದ ಮಗುವಿಗೆ ಅರ್ಧ ತಾಸು ಉಪದೇಶವನ್ನೂ ಮಾಡಿದೆ. ಸೋಮವಾರ ಡಾಕ್ಟರ ಹತ್ತಿರ ಹೋದೆವು. ಕೆಲವು ಮಕ್ಕಳ ಹೊಟ್ಟೆಗೆ ಹುಳಿ ಗುಳಿಗೆ ಒಗ್ಗುವುದಿಲ್ಲ, ಕ್ಯಾಲ್ಸಿಯಂ ಸೇರಿಸಿ ಹುಳಿ ತಗ್ಗಿಸಿದ ಪುಡಿ ಬರುತ್ತದೆ, ಊಟವಾದ ಮೇಲೆ ಕೊಟ್ಟು ನೋಡಿ ಎಂದರು. ಅಂಗಡಿಯಲ್ಲಿ ಯಶವಂತ ಹನಿ, ಸಿರಪ್ಪು, ಪುಡಿ ಎಲ್ಲದರ ಹಿಂದಿನ ಸಣ್ಣ ಅಕ್ಷರ ಓದುತ್ತ ನಿಂತುಬಿಟ್ಟ. ಇಲ್ಲಿಯ ಗಂಧೊರಾಜ್ ನಿಂಬೆಹಣ್ಣೇ ಸಾಕು ಎಂದರೆ ‘ಅವ್ವಾ, ಅದೂ ಹುಳೀನ ಅಲ್ಲೇನು?’ ಎಂದ. ಕೊನೆಗೆ ಪುಡಿಯನ್ನೇ ತಂದೆವು. ನಿನ್ನೆ ಶುಕ್ರವಾರ ನೀರಿನಲ್ಲಿ ಕದಡಿ ಕೊಟ್ಟೆ. ಬೆರಳು ಅದ್ದಿ ನೆಕ್ಕಿ, ‘ಖಟ್ಟಾ ಇಲ್ಲ’, ಹುಳಿ ಇಲ್ಲ ಎಂದು ಗಟಗಟ ಕುಡಿದಳು. ಹೊಟ್ಟೆನೋವಿನ ಸುದ್ದಿಯೇ ಇಲ್ಲ!

ಇನ್ನೊಂದು ವರ್ಷ ಅಲ್ಲೇ ಇರಲು ಒಪ್ಪಲೇ ಎಂದು ನೀನು ಕೇಳಿದ್ದೆಯಲ್ಲ. ಒಪ್ಪಿಕೋ. ದೊಡ್ಡ ಹುದ್ದೆ ಸುಮ್ಮನೆ ಸಿಗುವುದಿಲ್ಲ. ಮಗು ಗಟ್ಟಿ, ನಿನ್ನನ್ನು ಕೇಳಿ ಅಳುವುದೇ ಇಲ್ಲ. ಅಳುವುದೇನಿದ್ದರೂ ನಾನು.

ನಮ್ಮ ಎಲ್ಲಮ್ಮನೂ ಇಲ್ಲಿಯ ಕಾಳಿಯೂ ಸೇರಿ ನಿನ್ನನ್ನು ಕಾಯಲಿ.

ನಿನ್ನ ಅತ್ತೆ,
ಸಾವಿತ್ರಿ

ತಾ.ಕ.: ಯಶವಂತ ಬಿಬಿಡಿ ಬಾಗಿನ ಅಂಚೆ ಕಚೇರಿಗೆ ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚುವಾಗ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಶುಕ್ರವಾರಗಳಿಗೆಲ್ಲ ಪೆನ್ಸಿಲಿನ ಗುರುತು, ನಿನ್ನೆಯದು ಹದಿಮೂರನೆಯದು. ನೀನು ಹೋದ ಹೊಸದರಲ್ಲಿ ಮೇಲಿನ ಮನೆಯ ಬಿಹಾರಿ ಹೆಂಗಸು ಸಂತೋಷಿ ಮಾತೆಯ ವ್ರತ ಮುಗಿಸಿ ಮಕ್ಕಳಿಗೆ ಊಟ ಹಾಕಿದ್ದಳು. ಹದಿನಾರು ಶುಕ್ರವಾರ ಹುಳಿ ಮುಟ್ಟದಿದ್ದರೆ ಬೇಡಿದ್ದು ಸಿಗುತ್ತದೆ ಎಂದು ಆಗ ಪ್ರೇರಣಾಳಿಗೆ ಹೇಳಿದಳಂತೆ. ಇವಳಿಗೆ ಹೊಟ್ಟೆನೋವೇ ಇರಲಿಲ್ಲ, ತಾಯಿ. ಗುರುತು ಏನೆಂದು ಕೇಳಿದರೆ ‘ಹುಳಿ ತಿಂದ್ರ ಮಮ್ಮಿ ಬರಂಗಿಲ್ಲ’ ಎಂದಳು. ಹುದ್ದೆಯ ವಿಷಯ ನಿನಗೆ ಬಿಟ್ಟದ್ದು. ಹದಿನಾರನೆಯ ಶುಕ್ರವಾರ ಆಗಸ್ಟ್ ಒಂದಕ್ಕೆ ಬರುತ್ತದೆ. ಅವತ್ತು ಒಂದು ದಿನದ ಮಟ್ಟಿಗಾದರೂ ಬಾ. ಉಳಿದ ಮೂರು ಶುಕ್ರವಾರ ನನ್ನ ಸಾರಿಗೂ ಹುಣಸೆಹಣ್ಣು ಹಾಕುವುದಿಲ್ಲ.