ಸಾವಿನ ಮನೆಗೆ ನೀರು ಬಿಡಲು ಯಾವ ಬಣದ ಅಪ್ಪಣೆ ಬೇಕು?

ಮಾನ್ಯ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಹಣಾಧಿಕಾರಿಗಳೇ,

ತಾವು ಸಹಿ ಮಾಡಿ ಕಳಿಸಿದ ನೋಟಿಸು ಕೈಸೇರಿದೆ. ಸರದಿ ಮೀರಿ ಒಂದು ಗುಂಪಿಗೆ ನೀರು ಬಿಟ್ಟು ಪಕ್ಷಪಾತ ಎಸಗಿದ್ದೇನೆ, ನನ್ನನ್ನು ಏಕೆ ಕೆಲಸದಿಂದ ತೆಗೆಯಬಾರದು ಎಂದು ಕೇಳಿದ್ದೀರಿ. ಉತ್ತರಕ್ಕೆ ಏಳು ದಿನ ಕೊಟ್ಟಿದ್ದೀರಿ. ತಾವು ಗುಂಪು ಎಂದು ಬರೆದದ್ದು ಒಂದು ಸಾವಿನ ಮನೆ. ಅಲ್ಲಿ ಹೆಣದ ಮೈ ತೊಳೆಯಲು ನೀರಿರಲಿಲ್ಲ. ಉತ್ತರವನ್ನು ಲಕೋಟೆಯಲ್ಲಿಟ್ಟು ಕೊಟ್ಟರೆ ಅದು ತಮ್ಮ ಕಚೇರಿಯಲ್ಲಿ ಯಾವ ಬಣದವರ ಮೇಜಿನ ಮೇಲೆ ಮಲಗುತ್ತದೋ ಎಂಬ ಭಯಕ್ಕೆ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾನು ಏಳನೇ ತರಗತಿ ಅರ್ಧಕ್ಕೆ ಬಿಟ್ಟವನು. ಅಕ್ಷರದ ತಪ್ಪಿಗೆ ಕ್ಷಮೆ ಇರಲಿ, ಮಾತಿಗೆ ಬೇಡ.

ನಾನು ನಮ್ಮೂರಿನ ನೀರಗಂಟಿ. ಊರಿಗೆ ಒಂದೇ ಟ್ಯಾಂಕು, ಎರಡು ವಾಲ್ವು. ಮೇಲಿನ ಓಣಿಗೆ ಒಂದು ದಿನ, ಕೆಳಗಿನ ಓಣಿಗೆ ಒಂದು ದಿನ. ಬೆಳಿಗ್ಗೆ ಹೋಗಿ ಕಬ್ಬಿಣದ ಕೀಲಿಯಿಂದ ತಿರುಗಿಸಿ ಬರುವುದು ನನ್ನ ಕೆಲಸ. ತಿರುಗಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಎರಡು ಸಲ ವಾಪಸು ಹೋಗಿ ನೋಡುವುದು ನನ್ನ ಚಾಳಿ. ಅಷ್ಟು ಅಂಜುಬುರುಕ ನಾನು. ಇಂಥವನು ಪಕ್ಷಪಾತ ಮಾಡುತ್ತಾನೆಯೇ ಸ್ವಾಮಿ? ಪಕ್ಷಪಾತಕ್ಕೂ ಒಂದಿಷ್ಟು ಧೈರ್ಯ ಬೇಕಲ್ಲವೇ?

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಕಾನೂನೇ ಹಾಗಿದೆ ಎಂದು ನಮ್ಮ ನೀರಗಂಟಿಗಳ ಜಿಲ್ಲಾ ತರಬೇತಿಯಲ್ಲಿ ತಾವೇ ಹೇಳಿದಿರಿ. ಕೇಳಿ ಸಂತೋಷವಾಯಿತು. ಮತಪತ್ರದಲ್ಲಿ ಇಲ್ಲ, ನಿಜ. ಮಿಕ್ಕ ಎಲ್ಲ ಕಡೆ ಐತೆ. ನಮ್ಮೂರಿನಲ್ಲಿ ಎರಡು ಚಹಾ ಅಂಗಡಿ, ಎರಡು ಗಣಪತಿ, ಇತ್ತೀಚೆಗೆ ಎರಡು ಕಟಿಂಗ್ ಶಾಪು. ಈ ಕಡೆಯವನ ತಲೆಗೆ ಆ ಕಡೆಯವನ ಕತ್ತರಿ ಮುಟ್ಟುವಂತಿಲ್ಲ. ಮೇಲಿನ ಓಣಿ ಓಂಕಾರಪ್ಪನವರ ಬಣ, ಕೆಳಗಿನ ಓಣಿ ಬಸವರಾಜಪ್ಪನವರ ಬಣ. ಒಬ್ಬರು ಒಂದು ಪಕ್ಷ, ಇನ್ನೊಬ್ಬರು ಇನ್ನೊಂದು. ಇವರಿಬ್ಬರ ಮೇಲಿನ ದೊಡ್ಡ ನಾಯಕರು ದಾವಣಗೆರೆಯ ಒಂದು ಮದುವೆಯಲ್ಲಿ ಪಕ್ಕಪಕ್ಕ ಕುಳಿತು ಉಂಡದ್ದನ್ನು ನಾನೇ ನೋಡಿದ್ದೇನೆ. ಒಬ್ಬರು ಕೂಗಿ ಇನ್ನೊಬ್ಬರ ಎಲೆಗೆ ಹೋಳಿಗೆ ಹಾಕಿಸುತ್ತಿದ್ದರು. ಅವರಿಗೆ ಹೋಳಿಗೆ, ನಮಗೆ ಹೊಡೆದಾಟ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಕಡೆಯ ನೀರಗಂಟಿಗಳೆಲ್ಲ ಆ ತರಬೇತಿಗೆ ಬಂದಿದ್ದರಲ್ಲ, ಊಟದ ಹೊತ್ತಿನಲ್ಲಿ ಅವರ ಮಾತು ತಾವು ಕೇಳಬೇಕಿತ್ತು. ತಾವು ಒಳಗಿನ ಕೋಣೆಯಲ್ಲಿ ಊಟಕ್ಕೆ ಕುಳಿತಿದ್ದಿರಿ.

ಸರದಿಯ ಮೇಲೆ ನಮ್ಮೂರಿನಲ್ಲಿ ಇನ್ನೊಂದು ಕಟ್ಟಳೆ ಇತ್ತು. ತಮ್ಮ ಯಾವ ಸುತ್ತೋಲೆಯಲ್ಲೂ ಅದು ಸಿಗುವುದಿಲ್ಲ. ಯಾವ ಓಣಿಯಲ್ಲಿ ಸಾವಾಗುತ್ತದೋ ಆ ಓಣಿಯ ವಾಲ್ವು ಆ ಕ್ಷಣವೇ ತೆರೆಯಬೇಕು, ಮಣ್ಣು ಮುಗಿಸಿ ಜನ ಮನೆಗೆ ಬಂದು ಕಾಲು ತೊಳೆಯುವವರೆಗೆ ಮುಚ್ಚಬಾರದು. ಮತ್ತೊಂದು ಓಣಿಯವರು ಅವತ್ತು ಗೊಣಗದೆ, ಈಗ ಬತ್ತಿಹೋಗಿರುವ ಊರಾಚೆಯ ಬೋರ್‌ವೆಲ್ಲಿಗೆ ಹೋಗುತ್ತಿದ್ದರು. ನನಗಿಂತ ಮುಂಚೆ ನೀರಗಂಟಿಯಾಗಿದ್ದ ರಂಗಣ್ಣ ಕೀಲಿ ಕೈಗೆ ಕೊಟ್ಟ ದಿನ ಹೇಳಿದ್ದು ಇದೊಂದೇ: "ಸಾವಿನ ನೀರು ಬಿಡಾಕೆ ಯಾರನ್ನೂ ಕೇಳಬ್ಯಾಡ ಕಣೋ ನಿಂಗ. ಸುದ್ದಿ ಕಿವಿಗೆ ಬಿದ್ದರೆ ಅದೇ ಆರ್ಡರು."

ಈಗ ಅಧ್ಯಕ್ಷರು ಪ್ರಮೀಳಮ್ಮನವರು. ಅವರ ಫೋನು ಮಾತ್ರ ಅವರ ಯಜಮಾನರಾದ ಓಂಕಾರಪ್ಪನವರ ಜೇಬಿನಲ್ಲಿರುತ್ತದೆ. ಹೊಸ ಮಂಡಳಿ ಬಂದ ವಾರವೇ ಓಂಕಾರಪ್ಪನವರು ನನ್ನನ್ನು ಕರೆಸಿ, ಸರದಿ ಬಿಟ್ಟು ಒಂದು ಹನಿ ಬಿಡಬೇಕಾದರೂ ಮೊದಲು ಫೋನ್ ಮಾಡಬೇಕು ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸದೆ ಇರುವುದು ನನಗೆ ಬರುವುದಿಲ್ಲ.

ಕಳೆದ ತಿಂಗಳು ಒಂದು ಮಂಗಳವಾರ, ಬೆಳಿಗ್ಗೆ ಎಂಟಕ್ಕೆ, ಕೆಳಗಿನ ಓಣಿಯ ಅಜ್ಜಮ್ಮ ತೀರಿಕೊಂಡರು. ಸರದಿ ಮೇಲಿನ ಓಣಿಯದು. ನಾನು ಕೀಲಿ ಹಿಡಿದು ವಾಲ್ವಿನ ಗುಂಡಿಯ ಹತ್ತಿರವೇ ನಿಂತಿದ್ದೆ. ರಂಗಣ್ಣನ ಮಾತು ನೆನಪಿತ್ತು. ಆದರೂ ಫೋನ್ ತೆಗೆದೆ. ನನ್ನ ಜನ್ಮದ ತಪ್ಪು ಅದು. ಯಾರೂ ಯಾರನ್ನೂ ಕೇಳಿರದ ಅಪ್ಪಣೆಯನ್ನು ನಾನು ಕೇಳಿದೆ.

"ಯಾವ ಕಡೆಯವರು?" ಎಂದರು ಓಂಕಾರಪ್ಪನವರು.

"ಸತ್ತೋಗಿರೋರು ರೀ," ಎಂದೆ.

"ಅದು ಗೊತ್ತಾತು ಕಣೋ. ಯಾವ ಕಡೆಯವರು ಅಂದೆ."

ಗೋಣೆಪ್ಪನ ತಾಯಿ ಎಂದೆ. ಗೋಣೆಪ್ಪ ಕಳೆದ ಚುನಾವಣೆಯಲ್ಲಿ ಬಸವರಾಜಪ್ಪನವರ ಕಡೆಯ ಬೂತ್ ಏಜೆಂಟ್. ಹಾಗಾದರೆ ನಾಳೆ ಅವರ ಸರದಿ ಬರುತ್ತದಲ್ಲ, ಬರಲಿ ಬಿಡು ಎಂದು ಫೋನ್ ಇಟ್ಟರು.

ನಾಳೆಯವರೆಗೆ ಹೆಣ ಕಾಯುತ್ತದೆಯೇ ಮಾನ್ಯರೇ? ತಮ್ಮ ನೋಟಿಸಿನಲ್ಲಿ ಈ ಪ್ರಶ್ನೆ ಏಕಿಲ್ಲ?

ಮೂರು ಗಂಟೆ ನಾನು ಅಲ್ಲಿಯೇ ನಿಂತೆ. ಮನೆಗೆ ಹೋಗಲು ಮುಖವಿಲ್ಲ, ವಾಲ್ವು ತಿರುಗಿಸಲು ಕೈಯಿಲ್ಲ. ಕೆಳಗಿನ ಓಣಿಯ ಹೆಂಗಸರು ಬಂದು ನೋಡಿ ಹೋದರು. ಕೆಲವರು ಬೈದರು. ಒಬ್ಬಾಕೆ, ನಿಂಗಣ್ಣಂಗೆ ಮೇಲಿನ ಓಣಿಯಲ್ಲಿ ಸೈಟ್ ಕೊಟ್ಟವ್ರಂತೆ ಎಂದು ನಕ್ಕಳು. ಹನ್ನೊಂದರ ಬಸ್ಸಿಗೆ ಜಗಳೂರಿನಿಂದ ಅಜ್ಜಮ್ಮನ ಮಗಳು ದುರ್ಗಾಂಬಿಕಾ ಬಂದಳು. ಮನೆಯೊಳಗೆ ಹೋದವಳು ಹೊರಬಂದು ನೇರ ನನ್ನ ಹತ್ತಿರ ಬಂದಳು. ಬೈಯಲಿಲ್ಲ. "ಅವ್ವನ ಮೈ ಇನ್ನೂ ತೊಳೆದಿಲ್ಲ ಕಣಣ್ಣ," ಎಂದಳು. ಅಷ್ಟೇ. ನಾನು ವಾಲ್ವು ತಿರುಗಿಸಿದೆ.

ಮೇಲಿನ ಓಣಿಯ ನಲ್ಲಿಗಳು ಸಣ್ಣಗಾದವು. ಹಿಂದೆ ಇದಕ್ಕೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಅವತ್ತು ಕೊಡ ಹಿಡಿದುಕೊಂಡೇ ಜಗಳಕ್ಕೆ ಬಂದರು, ಕೆಳಗಿನ ಓಣಿಯವರೂ ಎದುರು ಹೋದರು. ಎರಡು ತಲೆ ಒಡೆದವು. ಅಷ್ಟರಲ್ಲಿ ಬಸವರಾಜಪ್ಪನವರು ಐದಾರು ಬೈಕುಗಳ ಸಮೇತ ಬಂದಿಳಿದರು. ಸಮಾಧಾನಕ್ಕೆ ಬಂದರೆಂದು ನಾನು ತಿಳಿದೆ, ಎಂಥ ಪೆದ್ದ. ಮಣ್ಣು ಮಾಡುವುದು ಬೇಡ, ಹೆಣವನ್ನು ಪಂಚಾಯಿತಿ ಕಚೇರಿಯ ಮುಂದೆ ಇಟ್ಟು ಧರಣಿ ಕೂರೋಣ, ಟಿವಿಯವರು ಬರುತ್ತಿದ್ದಾರೆ ಎಂದರು. ನೀರು ಬಂದಿದೆ, ಮೈ ತೊಳೆದು ಮುಗಿಸೋಣ ಎಂದು ದುರ್ಗಾಂಬಿಕಾ ಅಣ್ಣನ ಕೈ ಹಿಡಿದು ಕೇಳಿಕೊಂಡಳು. ಗೋಣೆಪ್ಪ ಕೈ ಬಿಡಿಸಿಕೊಂಡ. ಅವನಿಗೂ ಒಬ್ಬರು ಯಜಮಾನರಿದ್ದಾರಲ್ಲ. ಮೈ ತೊಳೆಯದ ಅಜ್ಜಮ್ಮನನ್ನು ಬಿಸಿಲಿನಲ್ಲಿ ಎರಡು ಗಂಟೆ ಮಲಗಿಸಿದರು. ಮೈ ತೊಳೆದು ಮಣ್ಣು ಮಾಡಿದ್ದು ಅದಾದ ಮೇಲೆಯೇ. ಅಧಿಕಾರ ಇದ್ದವರು ನೀರು ಕೊಡಲಿಲ್ಲ, ಅಧಿಕಾರ ಬೇಕಾದವರು ನೀರು ಮುಟ್ಟಿಸಲು ಬಿಡಲಿಲ್ಲ. ಇವರಲ್ಲಿ ಯಾರಿಗೆ ನೋಟಿಸು ಕೊಟ್ಟಿರಿ?

ಎಂಟು ದಿನ ಕಳೆದ ಮೇಲೆ ಪ್ರಮೀಳಮ್ಮನವರು ಕಚೇರಿಯ ಹಿಂದಿನ ಜಗಲಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ಚಿಕ್ಕಂದಿನಲ್ಲಿ ಅವರು ಅಜ್ಜಮ್ಮನ ಮನೆಯಲ್ಲಿ ಉಂಡು ಬೆಳೆದವರು. ಅಜ್ಜಮ್ಮ ಮಗನ ಮಾತು ಮೀರಿ ಓಟು ಹಾಕಿದ್ದೂ ಪ್ರಮೀಳಮ್ಮನಿಗೇ ಎಂದು ಊರಿಗೆಲ್ಲ ಗೊತ್ತು.

"ನನ್ನನ್ನ ಯಾಕೆ ಕೇಳಲಿಲ್ಲಪ್ಪ ನೀನು?"

"ನಿಮ್ಮ ಫೋನಿಗೇ ಮಾಡಿದ್ದು ರೀ ಅಮ್ಮಾರೇ," ಎಂದೆ.

ಅವರು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ನನ್ನ ಮೇಲೆ ತಮಗೆ ಬಂದ ದೂರಿನ ಕೆಳಗಿರುವುದು ಅವರದೇ ಸಹಿ. ಓದಲು ಕೊಟ್ಟಿದ್ದರೋ ಇಲ್ಲವೋ, ದೇವರಿಗೇ ಗೊತ್ತು.

ಈಗ ಯಾವ ಓಣಿಯಲ್ಲಿ ಯಾರು ಕೆಮ್ಮಿದರೂ ನನ್ನ ಕೈ ಕೀಲಿಯ ಕಡೆ ಹೋಗುತ್ತದೆ. ಮೇಲಿನ ಓಣಿಯಲ್ಲಿ ರಂಗಣ್ಣ ಹಾಸಿಗೆ ಹಿಡಿದಿದ್ದಾನೆ. ನಾಳೆ ಬಸವರಾಜಪ್ಪನವರ ಕೈಗೆ ಅಧಿಕಾರ ಬಂದರೆ ಅವನ ಮೈಗೆ ನೀರು ಸಿಗುತ್ತದೆಯೇ? ನನ್ನ ಹೆಂಡತಿ ಅರುಣಾ, ತಪ್ಪಾಯಿತು ಎಂದು ಬರೆದುಕೊಟ್ಟು ಕೆಲಸ ಉಳಿಸಿಕೊಳ್ಳಿ ಎನ್ನುತ್ತಾಳೆ. ಅವಳ ಮಾತಿನಲ್ಲಿ ಅರ್ಧ ಸರಿ.

ಹಾಗಾಗಿ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಸಾವಾದ ಓಣಿಗೆ ನೀರಗಂಟಿ ಯಾರನ್ನೂ ಕೇಳದೆ ನೀರು ಬಿಡತಕ್ಕದ್ದು ಎಂದು ಒಂದು ಸಾಲಿನ ಆದೇಶ ಹೊರಡಿಸಿ ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸಿ. ನಾಚಿಕೆಗೇಡು, ಇದಕ್ಕೂ ಆದೇಶ ಬೇಕಾಗಿದೆ. ಆಮೇಲೆ ನನ್ನ ನೋಟಿಸನ್ನು ತಿದ್ದಿ ಕಳಿಸಿ. ನೀರು ಬಿಟ್ಟದ್ದು ತಪ್ಪು ಎಂದು ನಾನು ಬರೆದುಕೊಡುವುದಿಲ್ಲ. ಕೈಯಲ್ಲಿ ಕೀಲಿ ಇದ್ದೂ ಎಂಟರಿಂದ ಹನ್ನೊಂದರವರೆಗೆ ಬಿಡದೆ ನಿಂತದ್ದಕ್ಕೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳಿ. ಅದನ್ನು ತಪ್ಪೆಂದು ಬರೆದುಕೊಡುತ್ತೇನೆ. ತಾವು ಕೊಡುವ ಶಿಕ್ಷೆಗೆ ಸಹಿ ಹಾಕುತ್ತೇನೆ.

ಇಂತಿ,
ಇಷ್ಟು ಬರೆದು ಈಗಾಗಲೇ ಹೆದರಲು ಶುರುಮಾಡಿರುವ
ನಿಂಗರಾಜ್, ನೀರಗಂಟಿ