ಎತ್ತಬಾರದ ಫೋನು

ಸವಳಂಗ ರಸ್ತೆ, ಶಿವಮೊಗ್ಗ
ಭಾನುವಾರ, 17 ಫೆಬ್ರವರಿ 2008

ಪ್ರೀತಿಯ ತಂಗಿ ರಶ್ಮಿಗೆ,

ಹೇಗಿದ್ದೀಯ ಮಾರಾಯ್ತಿ? ಹರಿಹರದ ನೀರು ಒಗ್ಗಿದೆಯಾ? ಬೆಳಿಗ್ಗೆ ಎದ್ದ ಕೂಡಲೇ ನಿನಗೆ ಮೂಗು ಕಟ್ಟಿ ಸೀನು ಶುರುವಾಗುತ್ತಿತ್ತಲ್ಲ, ಅಲ್ಲಿ ಸೋದರತ್ತೆ ಬಿಸಿನೀರಿನ ಹಬೆ ಹಿಡಿಯಲು ಬಿಡುತ್ತಾರೋ, ಇಲ್ಲ ‘ಸೀನಿದ್ರೆ ಯಾರೂ ಸಾಯಲ್ಲ ಬಿಡು’ ಅನ್ನುತ್ತಾರೋ? ಅದನ್ನೇ ಮೊದಲು ಕೇಳು ಎಂದು ಅಮ್ಮ ಹೇಳಿದ್ದಾಳೆ. ಅವಳ ಮಂಡಿನೋವು ಇದ್ದ ಹಾಗೇ ಇದೆ. ಅಪ್ಪ ಬಿ.ಪಿ. ಮಾತ್ರೆ ಒಂದು ದಿನ ನುಂಗಿ ಎರಡು ದಿನ ಮರೆಯುತ್ತಾರೆ. ನೆನಪಿಸುತ್ತಿದ್ದವಳು ನೀನು, ನಾನು ನೆನಪಿಸಿದರೆ ಅವರು ಮುಖ ಆ ಕಡೆ ತಿರುಗಿಸುತ್ತಾರೆ. ನಾನು ಚೆನ್ನಾಗಿದ್ದೇನೆ. ಪ್ರೆಸ್ಸಿನ ಹಿಂದಿನ ಅದೇ ಕೋಣೆ, ಯಜಮಾನ ಗೋವಿಂದಣ್ಣನ ಮನೆಯಿಂದ ಬರುವ ಅದೇ ಬುತ್ತಿ. ಕಾಲೇಜುಗಳ ಪ್ರಶ್ನೆಪತ್ರಿಕೆ, ಮದುವೆ ಕಾರ್ಡು ಎರಡೂ ಒಟ್ಟಿಗೆ ಬಂದು ಬಿದ್ದಿರುವ ಕಾಲ. ಕಂಪ್ಯೂಟರಿನ ಮುಂದೆ ಕೂತು ಕೂತು ಕುತ್ತಿಗೆ ಹಿಡಿದುಕೊಂಡಿದೆ. ಈ ಪತ್ರವನ್ನು ನಿನ್ನ ಅಕೌಂಟೆನ್ಸಿ ಗೈಡಿನೊಳಗೆ ಇಟ್ಟು ಪಾರ್ಸೆಲ್ ಮಾಡುತ್ತಿದ್ದೇನೆ. ಅತ್ತೆ ಬೇರೆ ಏನನ್ನು ಬಿಚ್ಚಿ ನೋಡಿದರೂ ಅಕೌಂಟೆನ್ಸಿಯನ್ನು ಬಿಚ್ಚಿ ನೋಡುವವರಲ್ಲ.

ಸುದ್ದಿ ಏನೆಂದರೆ, ಗುರುವಾರ ನಿನ್ನ ಕಾಲೇಜಿನಲ್ಲಿ ಪೋಷಕರ ಸಭೆ ನಡೆಯಿತು. ವಿದ್ಯಾರ್ಥಿಗಳ ಮೊಬೈಲ್ ಬಗ್ಗೆ ಏನು ಮಾಡಬೇಕು, ಮುಂದಿನ ವರ್ಷದಿಂದ ಯಾವ ನಿಯಮ ಇರಬೇಕು ಎಂದು ತೀರ್ಮಾನಿಸುವುದಕ್ಕೆ. ಅಪ್ಪನಿಗೂ ಚೀಟಿ ಬಂದಿತ್ತು, ಅವರು ನಿನ್ನನ್ನು ಕಾಲೇಜು ಬಿಡಿಸಿ ಅತ್ತೆಯ ಮನೆಗೆ ಕಳಿಸಿದರೂ ರಿಜಿಸ್ಟರಿನಿಂದ ನಿನ್ನ ಹೆಸರನ್ನು ಇನ್ನೂ ತೆಗೆದಿಲ್ಲವಲ್ಲ. ಅಪ್ಪ ಅದನ್ನು ಅಂಗಡಿಯಲ್ಲಿ ಕಡಲೆಬೇಳೆ ಕಟ್ಟಲು ಬಳಸಿದ್ದರು. ನಾನು ಊರಿಗೆ ಹೋದಾಗ ಅಮ್ಮ ಆ ಪೊಟ್ಟಣ ಬಿಚ್ಚಿ, ಬೇಳೆ ಡಬ್ಬಿಗೆ ಸುರಿದು, ಚೀಟಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. ನಾನು ಒಂದು ವಾರ ಕೂತು ಯೋಜನೆಯೊಂದನ್ನು ಬರೆದೆ. ಗೋವಿಂದಣ್ಣ ಕಾಗದದ ದುಡ್ಡು ಬೇಡ ಎಂದದ್ದರಿಂದ ಎಲ್ಲರಿಗೂ ಹಂಚುವಷ್ಟು ಪ್ರತಿ ಮಾಡಿಸಿಕೊಂಡು ಹೋದೆ.

ಸಭೆ ಹೇಗಿತ್ತು ಎಂದು ಹೇಳಬೇಕು. ಮೊದಲ ಸಾಲಿನಲ್ಲಿ ದಪ್ಪ ಉಂಗುರದ ಒಬ್ಬರು ಕೂತಿದ್ದರು. ‘ಸಾರ್, ಸಿಕ್ಕಿದ್ ಫೋನನ್ನೆಲ್ಲ ಪ್ರೇಯರ್‌ನಲ್ಲೇ ಕಲ್ಲಿನ ಮೇಲಿಟ್ಟು ಜಜ್ಜಿ ಹಾಕಿ, ತಾನಾಗೇ ಸರಿ ಹೋಗ್ತವೆ’ ಎನ್ನುತ್ತಿರುವಾಗಲೇ ಅವರ ಜೇಬಿನ ಫೋನು ಹಾಡತೊಡಗಿತು. ಅವರು ಜಗಲಿಗೆ ಹೋಗಿ ‘ಮರಳು ಲೋಡ್ ಇಳಿಸ್ಕಳಪ್ಪಾ, ನಾನ್ ಮೀಟಿಂಗಲ್ಲಿದೀನಿ’ ಎಂದು ಇಡೀ ನ್ಯೂ ಟೌನಿಗೆ ಕೇಳುವಂತೆ ಕೂಗಿದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ ಕಣೇ. ಒಂದೇ ವಸ್ತು ಉಂಗುರದ ಕೈಯಲ್ಲಿದ್ದರೆ ವ್ಯವಹಾರ, ಓದುವ ಹುಡುಗಿಯ ಚೀಲದಲ್ಲಿದ್ದರೆ ವ್ಯಭಿಚಾರ. ಇದನ್ನು ಯಾವ ಕರಪತ್ರವನ್ನೂ ಓದದೆ ಅರ್ಥ ಮಾಡಿಕೊಳ್ಳಬಹುದು, ಆದರೆ ಆ ಹಾಲಿನಲ್ಲಿ ಯಾರಿಗೂ ಅರ್ಥವಾಗುವುದು ಬೇಕಿರಲಿಲ್ಲ.

ಆಗ ನಾನು ಎದ್ದು ನಿಂತೆ. ಯಾರೋ ‘ನಿಮ್ ಹುಡುಗಿ ಈಗ ಬರ್ತಾನೇ ಇಲ್ವಲ್ರೀ, ನಿಮಗ್ಯಾಕೆ ಈ ಉಸಾಬರಿ?’ ಎಂದರು. ಬರುತ್ತಿಲ್ಲವಾದ್ದರಿಂದಲೇ ಬಂದಿದ್ದೇನೆ ಎಂದೆ. ನಡೆದದ್ದನ್ನು ಮೊದಲಿನಿಂದ ಹೇಳಿದೆ. ನಿನಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇಲ್ಲ, ಆದರೂ ನಿನ್ನ ಪರವಾಗಿ ಎಲ್ಲರ ಎದುರು ಆಡಿದ ಮಾತು ನಿನಗೆ ತಲುಪಬೇಕು. ಸೆಕೆಂಡ್ ಪಿಯುಸಿಯ ಸ್ಪೆಷಲ್ ಕ್ಲಾಸು ಮುಗಿಯುವಾಗ ಕತ್ತಲಾಗುತ್ತಿತ್ತು; ನ್ಯೂ ಟೌನಿನಿಂದ ಸೇತುವೆ ದಾಟಿ ಓಲ್ಡ್ ಟೌನಿಗೆ ಒಬ್ಬಳೇ ಬರಬೇಕಿತ್ತು; ಶಿವಮೊಗ್ಗದಲ್ಲಿ ಕೂತ ನನಗೆ ಜೀವ ತಡೆಯದೆ ಪ್ರೆಸ್ಸಿನ ಹಳೇ ಫೋನನ್ನು ನಾನೇ ನಿನ್ನ ಕೈಗೆ ಕೊಟ್ಟೆ ಎಂದೆ. ಬಸ್ಸು ಹತ್ತಿದರೆ ಪ್ರೆಸ್ಸಿನ ನಂಬರಿಗೆ ಒಂದು ರಿಂಗು, ಮನೆ ಮುಟ್ಟಿದರೆ ಎರಡು ರಿಂಗು, ನಾವು ಎತ್ತುವುದಿಲ್ಲ, ಕಾಸೂ ಖರ್ಚಾಗುವುದಿಲ್ಲ, ಈ ಊರಿನಲ್ಲಿ ಅರ್ಧಕ್ಕರ್ಧ ಮನೆಗಳು ನಡೆಯುವುದೇ ಹೀಗೆ ಎಂದೆ. ಸಂಕ್ರಾಂತಿ ಕಳೆದ ವಾರ ಅದು ಚೀಲದಲ್ಲಿ ಸಿಕ್ಕಿದಾಗ ನಿಮ್ಮ ಗುಮಾಸ್ತರು ಅದರಲ್ಲಿ ದಿನಾ ಸಂಜೆ ಒಂದೇ ನಂಬರು ಇರುವುದನ್ನು ನೋಡಿ ಅದೇ ಫೋನಿನಿಂದ ಆ ನಂಬರಿಗೆ ಮಾಡಿದರು, ನಿಲ್ಲಿಸದೆ ಮಾಡಿದರು ಎಂದೆ. ಅಷ್ಟು ಹೊತ್ತು ಹೊಡೆದುಕೊಂಡಿತಲ್ಲ, ಹುಡುಗಿಗೆ ಏನೋ ಆಗಿದೆ ಎಂದು ಹೆದರಿ ನಮ್ಮ ಗೋವಿಂದಣ್ಣ ಎತ್ತಿದರು. ಎತ್ತಿ, ಹೆತ್ತ ತಂದೆಯ ಹಾಗೆ ‘ಏನ್ ತಾಯಿ, ಬಸ್ ಸಿಕ್ಲಿಲ್ವಾ? ನಾನೇ ಬರ್ಲಾ?’ ಎಂದರು. ಅಷ್ಟೇ. ಗುಮಾಸ್ತರಿಗೆ ಗಂಡಸಿನ ದನಿಯೊಂದೇ ಸಾಕಾಯಿತು. ಮಾರನೆಯ ದಿನ ಪ್ರಾರ್ಥನೆಯಲ್ಲಿ, ದಿನದ ಸುದ್ದಿ ಓದಿದ ಮೇಲೆ, ಮೈಕಿನಲ್ಲಿ ನನ್ನ ತಂಗಿಯ ಹೆಸರು ಬಂತು.

ಈಗ ನಮ್ಮ ಕಡೆ ಯಾರಾದರೂ ಮಾತಾಡುತ್ತಾರೆ ಎಂದುಕೊಂಡೆ. ಮಾತಾಡಿದ್ದು ಲಿಂಗಮ್ಮ ಅಂತ, ಮಾಚೇನಹಳ್ಳಿಯ ಬೋಲ್ಟು ಮಾಡುವ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುವವರು, ಫಸ್ಟ್ ಪಿಯುಸಿ ಹುಡುಗಿಯ ತಾಯಿ. ದುಡಿಯುವ ಹೆಂಗಸು, ನಮ್ಮವರು ಎಂದು ನನ್ನ ಎದೆ ಉಬ್ಬಿತು. ಅವರು ಹೇಳಿದ್ದು ಇದು: ‘ಸಾರ್, ನನ್ ಮಗಳ ಬ್ಯಾಗು ದಿನಾ ನೋಡಿ. ನಾನೇ ಹೇಳ್ತಾ ಇದೀನಿ. ಬೆಳಿಗ್ಗೆನೂ ನೋಡಿ, ಸಂಜೆನೂ ನೋಡಿ.’ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಾನು ಸಿಟ್ಟಿನಿಂದ ಅವರ ಮೇಲೂ ಏನೇನೋ ಹೇಳಿದೆ, ಗುಲಾಮಗಿರಿ ಗಿಲಾಮಗಿರಿ ಎಂದೆಲ್ಲ. ಆಯಮ್ಮ ಒಂದು ಚೂರೂ ಸಿಟ್ಟಾಗದೆ, ‘ಮೈಕಿಗೆ ಹೋಗೋಕ್ ಮುಂಚೆ ನಂಗೆ ಹೇಳ್ಲಿ ಅಂತ ಕಣಪ್ಪ ಅಂದಿದ್ದು. ಫೋನ್ ಹೋದ್ರೆ ಹೋಗ್ಲಿ’ ಎಂದು ಕೂತುಬಿಟ್ಟರು. ನಾನೂ ಕೂತು ಜೇಬಿನಿಂದ ಪೆನ್ನು ತೆಗೆದೆ.

ಪ್ರಿನ್ಸಿಪಾಲ್ ಶ್ರೀನಿವಾಸಮೂರ್ತಿ ಕೆಟ್ಟವರಲ್ಲ, ಅದನ್ನು ಈಗ ಒಪ್ಪುತ್ತೇನೆ. ಕೆಟ್ಟವರಾಗಿದ್ದರೆ ಜಗಳ ಸುಲಭವಿತ್ತು. ಸಭೆ ಮುಗಿದ ಮೇಲೆ ನನ್ನನ್ನು ಕೋಣೆಗೆ ಕರೆದು, ನನ್ನ ಯೋಜನೆಯನ್ನು ಮುಂದಿಟ್ಟುಕೊಂಡು, ‘ಮಲ್ಲೇಶ್, ಇದ್ರಲ್ಲಿ ಬಂಡವಾಳಶಾಹಿ ಅಂತ ಎಲ್ಲೆಲ್ಲಿದೆಯೋ ಅದನ್ನ ತೆಗೀರಿ, ಕಮಿಟಿಯಲ್ಲಿ ಪಾಸ್ ಮಾಡಿಸೋದು ನನಗೆ ಬಿಡಿ’ ಎಂದರು. ತೆಗೆದೆ. ಉಳಿದದ್ದನ್ನು ಒಂದೊಂದಾಗಿ ಒಪ್ಪಿದರು. ದೂರದಿಂದ ಬರುವವರು ಫೋನ್ ತರಬಹುದು. ಬೆಳಿಗ್ಗೆ ಆಫೀಸಿನಲ್ಲಿ ಕೊಟ್ಟು ಸಂಜೆ ತೆಗೆದುಕೊಳ್ಳಬೇಕು. ಯಾರೂ ಅದರೊಳಗಿನ ನಂಬರನ್ನಾಗಲಿ ಮೆಸೇಜನ್ನಾಗಲಿ ನೋಡಕೂಡದು. ತಪ್ಪಾದರೆ ಮನೆಯವರನ್ನು ಕರೆದು ಕೋಣೆಯಲ್ಲಿ ಮಾತಾಡಬೇಕು. ಹೆಸರು ಮೈಕಿಗೆ ಹೋಗಬಾರದು. ಈ ಕೊನೆಯದನ್ನು ಲಿಂಗಮ್ಮನ ಮಾತು ಕೇಳಿದ ಮೇಲೆ ಪೆನ್ನಿನಿಂದ ಸೇರಿಸಿದ್ದು. ಅದಕ್ಕಿಂತ ಮುಂಚೆ ನಾನು ಬರೆದ ಇನ್ನೊಂದು ಸಾಲಿತ್ತು. ಅದೇ ಮೈಕಿನಲ್ಲಿ, ಅದೇ ಪ್ರಾರ್ಥನೆಯ ಹೊತ್ತಿನಲ್ಲಿ, ರಶ್ಮಿ ಯಾವ ತಪ್ಪನ್ನೂ ಮಾಡಿರಲಿಲ್ಲ ಎಂದು ಕಾಲೇಜು ಹೇಳಬೇಕು ಎಂದು. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು. ‘ಹೇಳ್ತೀನಿ ಅಂದ್ರೆ ಹೇಳಬಹುದು. ಮರೆತಿರೋ ಮಕ್ಕಳಿಗೂ ಮತ್ತೆ ನೆನಪಾಗುತ್ತೆ. ನಿಮ್ ತಂದೆಯವರನ್ನ ಒಂದ್ ಮಾತು ಕೇಳಿ’ ಎಂದರು.

ಅಪ್ಪನನ್ನು ಕೇಳಿದೆ. ಅಂಗಡಿಯಲ್ಲಿ ಯಾರೂ ಗಿರಾಕಿ ಇಲ್ಲದ ಹೊತ್ತು ನೋಡಿ ಕೇಳಿದೆ. ಅಪ್ಪ ನಿನ್ನನ್ನು ನಂಬಿಲ್ಲ ಎಂದು ನೀನು ಅಂದುಕೊಂಡಿದ್ದರೆ ಅದು ತಪ್ಪು ರಶ್ಮಿ. ಮೊದಲನೆಯ ದಿನವೇ ನಂಬಿದರು, ಅದು ಪ್ರೆಸ್ಸಿನ ನಂಬರು ಎಂದು ಅವರಿಗೂ ಗೊತ್ತಲ್ಲ. ‘ನಂಗೆ ಗೊತ್ತು ಕಣೋ. ಊರಿಗೆ ಏನ್ ಮಾಡ್ಲಿ? ಒಬ್ಬೊಬ್ಬರಿಗೂ ನಂಬರ್ ತೋರಿಸ್ಕೊಂಡು ತಿರುಗ್ಲಾ? ಬರೋರು ಅರ್ಧ ಕೇಜಿ ಬೇಳೆ ತಗೊಂಡು ಒಂದ್ ಗಂಟೆ ಅವಳ ವಿಷಯ ಕೇಳ್ತಾರೆ. ಮೈಕಲ್ಲಿ ಮತ್ತೆ ಹೇಳ್ಸೋದಂತೂ ಬೇಡ’ ಎಂದರು. ಆಮೇಲೆ ತಕ್ಕಡಿಯನ್ನು ಸುಮ್ಮಸುಮ್ಮನೆ ಒರೆಸಿದರು. ಸತ್ಯ ಗೊತ್ತಾದರೆ ಅನ್ಯಾಯ ಉಳಿಯುವುದಿಲ್ಲ ಎಂದು ನಾನು ಎಷ್ಟು ಕಡೆ ಓದಿದ್ದೇನೆ, ಎಷ್ಟು ಜನಕ್ಕೆ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಸತ್ಯ ಗೊತ್ತಿದೆ. ನೀನು ಮಾತ್ರ ಹರಿಹರದಲ್ಲಿದ್ದೀಯ. ಮಾರನೆಯ ದಿನ ಹೋಗಿ ಆ ಸಾಲನ್ನು ನಾನೇ ಹೊಡೆದು ಹಾಕಿದೆ, ಉಳಿದದ್ದಾದರೂ ಪಾಸಾಗಲಿ ಎಂದು. ಮುಂದೆ ಬರುವ ಹುಡುಗಿಯರಿಗೆ ನಿಯಮ ಸಿಕ್ಕಿತು, ನಿನಗೆ ಸಿಗಬೇಕಾದದ್ದು ಸಿಗಲಿಲ್ಲ. ನನ್ನ ಮೇಲೆ ನಿನಗೆ ಸಿಟ್ಟು ಬಂದರೆ ಬರಲಿ, ನೀನು ಸಿಟ್ಟಾದಷ್ಟೂ ನನಗೆ ಸಮಾಧಾನ.

ಇನ್ನೊಂದು ಹೇಳಬೇಕು. ಫೋನುಗಳನ್ನು ಇಡಲು ಕಾಲೇಜಿನಲ್ಲಿ ಏನೂ ಇಲ್ಲ, ಬೀರು ತುಂಬಾ ಹಳೇ ಉತ್ತರಪತ್ರಿಕೆ. ಗೋಡೆಗೆ ನೇತುಹಾಕುವಂತೆ ಸಾಲು ಸಾಲು ಜೇಬುಗಳಿರುವ ಒಂದು ಬಟ್ಟೆಯನ್ನು ಹೊಲಿಸಿ ಕೊಡುತ್ತೇನೆ ಎಂದು ನಾನೇ ಹೇಳಿ ಬಂದಿದ್ದೆ. ಅಮ್ಮನಿಗೆ ಹೇಳಿದೆ. ಅವಳು ಟ್ರಂಕಿನಿಂದ ನಿನ್ನ ನೀಲಿ ಯೂನಿಫಾರ್ಮುಗಳನ್ನು ತೆಗೆದು, ಕತ್ತರಿ ಹಾಕಿ, ಮಿಷನ್ನಿನ ಮುಂದೆ ಕೂತಳು. ಅಯ್ಯೋ ಅದನ್ಯಾಕಮ್ಮ ಎಂದೆ. ‘ಗಟ್ಟಿ ಬಟ್ಟೆ’ ಎಂದಳು, ಅಷ್ಟೇ. ಒಂದೊಂದು ಜೇಬಿನ ಮೇಲೂ ಬಿಳಿ ದಾರದಲ್ಲಿ ನಂಬರು ಹಾಕಿದ್ದಾಳೆ. ನಾನು ಅದನ್ನು ಮಡಿಸಿ ಚೀಲಕ್ಕೆ ಹಾಕುವಾಗ ನೋಡಿದೆ, ಒಂದು ಜೊತೆ ಯೂನಿಫಾರ್ಮನ್ನು ಅವಳು ಕತ್ತರಿಸಿಲ್ಲ. ಒಗೆದು, ಇಸ್ತ್ರಿ ಮಾಡಿ, ಅದರ ಮೇಲೆ ವೇಲು ಮಡಿಸಿಟ್ಟು, ಟ್ರಂಕಿನ ಅಡಿಗೆ ಸೇರಿಸಿದ್ದಾಳೆ. ಅಪ್ಪನ ಕಣ್ಣಿಗೆ ಬೀಳದ ಜಾಗದಲ್ಲಿ.

ಊಟ ಸರಿಯಾಗಿ ಮಾಡು. ಅಳುತ್ತಾ ಓದಬೇಡ, ಅಕ್ಷರ ಕಾಣುವುದಿಲ್ಲ. ಅತ್ತೆ ಮಾವನಿಗೆ ನಮಸ್ಕಾರ ತಿಳಿಸು ಎಂದು ಬರೆಯುವುದು ರೂಢಿ. ಆದರೆ ಈ ಪತ್ರ ಬಂದದ್ದನ್ನೇ ತಿಳಿಸಬೇಡ, ನಮಸ್ಕಾರ ಮುಂದೆ ನಾನೇ ಬಂದು ಮಾಡುತ್ತೇನೆ. ನೀನು ಯಾರ ಎದುರೂ ತಲೆ ತಗ್ಗಿಸುವ ಕಾಲ ಬಾರದಿರಲಿ.

ಯಾವತ್ತೂ ನಿನ್ನ ಅಣ್ಣ,
ಮಲ್ಲೇಶ

ತಾ.ಕ.: ಬರೆಯಲು ಕೈ ಬರದೆ ಇಷ್ಟು ಹೊತ್ತು ಬೇರೆಯದನ್ನೇ ಬರೆದೆ. ನಿನ್ನೆ ಅಪ್ಪ ಪ್ರೆಸ್ಸಿಗೆ ಬಂದು ನಿನ್ನ ಲಗ್ನಪತ್ರಿಕೆಯ ಒಕ್ಕಣೆಯನ್ನು ಗೋವಿಂದಣ್ಣನ ಮೇಜಿನ ಮೇಲಿಟ್ಟು ಹೋದರು. ಮೇ ತಿಂಗಳು. ಅಷ್ಟರಲ್ಲಿ ನಿನಗೆ ಹದಿನೆಂಟು ತುಂಬುತ್ತದಂತೆ, ‘ಕಾನೂನು ಪ್ರಕಾರನೇ ಮಾಡ್ತಿದೀನಿ’ ಎಂದರು. ಗಂಡಿನ ಕಡೆಯವರಿಗೆ ಪರೀಕ್ಷೆ ಗಿರೀಕ್ಷೆ ಬೇಡವಂತೆ. ಅಕ್ಷರ ಜೋಡಿಸುವ ಕೆಲಸ ನನ್ನದೇ. ದೇವರ ಹೆಸರು, ಅಪ್ಪ ಅಮ್ಮನ ಹೆಸರು, ಗಂಡಿನ ಹೆಸರು, ಎಲ್ಲ ಟೈಪ್ ಮಾಡಿದೆ. ನಿನ್ನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಶನಿವಾರದವರೆಗೆ ಮಿಷನ್ ಕೆಟ್ಟಿದೆ ಎಂದು ಹೇಳುತ್ತೇನೆ ಎಂದಿದ್ದಾರೆ ಗೋವಿಂದಣ್ಣ. ನಾನು ಮಾಡದಿದ್ದರೆ ಇನ್ನೊಂದು ಪ್ರೆಸ್ಸಿನವರು ಮಾಡುತ್ತಾರೆ, ಗೊತ್ತು. ಆದರೆ ಈ ಮದುವೆ ನಿನಗೆ ಬೇಕೋ ಬೇಡವೋ ಎಂದು ಇಷ್ಟು ಜನರಲ್ಲಿ ಒಬ್ಬರೂ ನಿನ್ನನ್ನು ಕೇಳಿಲ್ಲ, ಅದನ್ನು ಕೇಳದೆ ನಾನು ಬೆರಳು ಆಡಿಸಲಾರೆ. ಹಾಲ್ ಟಿಕೆಟ್ ಬರುತ್ತಿದೆ, ನೀನೇ ಬಂದು ಸಹಿ ಹಾಕಿದರೆ ಕೊಡುತ್ತೇನೆ ಎಂದು ಪ್ರಿನ್ಸಿಪಾಲರು ಮಾತು ಕೊಟ್ಟಿದ್ದಾರೆ. ಅತ್ತೆಯ ಮನೆಯ ತಿರುವಿನ ಅಂಗಡಿಯಲ್ಲಿ ಕಾಯಿನ್ ಬಾಕ್ಸ್ ಇದೆಯಲ್ಲ, ಶುಕ್ರವಾರ ಸಂಜೆ ಪ್ರೆಸ್ಸಿನ ನಂಬರಿಗೆ ಮಾಡು. ಪರೀಕ್ಷೆ ಬರೆಯುವುದಿದ್ದರೆ ಒಂದು ರಿಂಗು. ಶನಿವಾರ ಮೊದಲ ಬಸ್ಸಿಗೆ ಟ್ರಂಕಿನ ಅಡಿಯ ಆ ನೀಲಿ ಯೂನಿಫಾರ್ಮು ಹಿಡಿದು ಅತ್ತೆಯ ಮನೆ ಬಾಗಿಲಿಗೆ ಬರುತ್ತೇನೆ, ಅಪ್ಪ ಏನಾದರೂ ಮಾಡಿಕೊಳ್ಳಲಿ. ಎರಡು ರಿಂಗಾದರೆ ನಿನ್ನ ಹೆಸರು ಹಾಕಿ ಮುಗಿಸುತ್ತೇನೆ, ಯಾಕೆ ಎಂದು ಯಾವತ್ತೂ ಕೇಳುವುದಿಲ್ಲ. ಕಟ್ ಮಾಡಿದರೆ ರೂಪಾಯಿ ವಾಪಸ್ ಬೀಳುತ್ತದೆ, ಮರೆಯದೆ ತೆಗೆದುಕೋ. ಹೆದರಬೇಡ. ಅದು ಎಷ್ಟು ಹೊಡೆದುಕೊಂಡರೂ ಈ ಸಲ ನಾನೂ ಎತ್ತುವುದಿಲ್ಲ, ಗೋವಿಂದಣ್ಣನೂ ಎತ್ತುವುದಿಲ್ಲ.