ಬೀಗರ ಕುದುರೆ ಬೇವಿನ ಮರಕ್ಕೆ

ಚಿ. ಸೌ. ಉಮಾಮಹೇಶ್ವರಿಗೆ ಆಶೀರ್ವಾದಗಳು.

ನಮ್ಮ ಗಬ್ಬದ ಕುದುರೆಯನ್ನು ತೋರಿಸಲು ವೈದ್ಯರನ್ನು ಕರೆತರುವುದಕ್ಕೆ ಹರಿಹರಕ್ಕೆ ಹೊರಟಿದ್ದೇನೆ. ಮಧ್ಯಾಹ್ನ ಕೊಕ್ಕನೂರಿನಿಂದ ನಿನ್ನ ತಂದೆ ಕೆಂಚವೀರಪ್ಪನವರು ಕುದುರೆಗಾಡಿಯಲ್ಲಿ ಬರುತ್ತಾರೆ. ಅವರ ಕುದುರೆ ಹೋದ ತಿಂಗಳು ದಿನ ತುಂಬುವ ಮೊದಲೇ ಕಂದು ಹಾಕಿದೆ, ಗರ್ಭ ನಿಲ್ಲಲಿಲ್ಲ. ಅದು ಅಂಟುರೋಗವೆಂದು ವೈದ್ಯರ ಮಾತು. ಕಳೆದ ಸಲ ನಮ್ಮದು ಗಬ್ಬವಾಗಿದ್ದಾಗ, ಮರ್ಯಾದೆಗೆಂದು ನೆಂಟರ ಕುದುರೆಯನ್ನು ನಮ್ಮದರ ಪಕ್ಕದಲ್ಲಿ ಕಟ್ಟಿಸಿದವನು ನಾನೇ. ಅದರ ರೋಗ ತಗುಲಿ ಹೊಟ್ಟೆಯ ಮರಿಯನ್ನು ಕಳೆದುಕೊಂಡೆವು.

ಇಂದು ಬೀಗರದನ್ನು ಬೀದಿಯ ಬೇವಿನ ಮರಕ್ಕೇ ಕಟ್ಟಿಸು. ಹುಲ್ಲು, ನೀರು, ಬಕೆಟ್ಟು ಎಲ್ಲವೂ ಬೇರೆ. ಗಬ್ಬದ ಮುನ್ನೂರ ನಲವತ್ತು ದಿನಗಳಲ್ಲಿ ಮುನ್ನೂರ ಹದಿನೆಂಟು ಕಳೆದಿವೆ. ಉಳಿದ ಇಪ್ಪತ್ತೆರಡನ್ನು ದಾಕ್ಷಿಣ್ಯಕ್ಕೆ ಬಿಟ್ಟುಕೊಡಲಾರೆ.

“ನಮ್ಮ ಕುದ್ರಿಗೆ ನಿಮ್ಮನಿಯಾಗ ಜಾಗ ಇಲ್ಲೇನವ್ವ?” ಎಂದು ಅವರು ಮುನಿಯುವುದು ಖಚಿತ. ಮೊದಲು ಹೋಳಿಗೆ ಬಡಿಸು. ಇನ್ನೂ ಮುನಿದಿದ್ದರೆ, ಹುಟ್ಟುವ ಮರಿಗೆ, ಅದು ಹೆಣ್ಣಾದರೂ ಸರಿ, ಕೆಂಚವೀರಪ್ಪನೆಂದೇ ಹೆಸರಿಡುತ್ತೇನೆಂದು ತಿಳಿಸು.

ನಿನ್ನ ಮಾವ,
ಅಜ್ಜಪ್ಪ